ಅಹಮದ್ ಖಾನ್ (ಫುಟ್‌ಬಾಲ್ ಆಟಗಾರ)

ಅಹಮದ್ ಖಾನ್ (24 ಡಿಸೆಂಬರ್ 1926 – 27 ಆಗಸ್ಟ್ 2017) ಬೆಂಗಳೂರಿನಲ್ಲಿ ಜನಿಸಿದ ಫುಟ್‌ಬಾಲ್ ಆಟಗಾರರು. ಸ್ವತಂತ್ರ ಭಾರತದ ಮೊದಲ ತಲೆಮಾರಿನ ಶ್ರೇಷ್ಠ ಮುನ್ನಡೆ ಆಟಗಾರರಲ್ಲಿ ಒಬ್ಬರೆಂದು ಹೆಸರಾದವರು. 1948ರ ಲಂಡನ್ ಮತ್ತು 1952ರ ಹೆಲ್ಸಿಂಕಿ ಒಲಿಂಪಿಕ್ ಕ್ರೀಡಾಕೂಟಗಳಲ್ಲಿ ಅವರು ಭಾರತವನ್ನು ಪ್ರತಿನಿಧಿಸಿದರು. 1951ರಲ್ಲಿ ನವದೆಹಲಿಯಲ್ಲಿ ನಡೆದ ಮೊದಲ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನದ ಪದಕ ಗೆದ್ದ ತಂಡದಲ್ಲಿಯೂ ಇದ್ದರು. ಬೆಂಗಳೂರು ಮುಸ್ಲಿಮ್ಸ್ ತಂಡದಲ್ಲಿ ಬೆಳೆದು, 1949ರಲ್ಲಿ ಕಲ್ಕತ್ತಾದ ಈಸ್ಟ್ ಬೆಂಗಾಲ್ ಕ್ಲಬ್ ಸೇರಿ, ಸುಮಾರು ಒಂದು ದಶಕ ಅಲ್ಲಿಯೇ ಆಡಿದರು. ಈ ಕ್ಲಬ್ಬಿನ ಪ್ರಸಿದ್ಧ ‘ಪಂಚ ಪಾಂಡವರ’ ಪೈಕಿ ಅವರೂ ಒಬ್ಬರು.

ಊರಿನ ತಂಡ, ಆಶ್ರಯ ಕೊಟ್ಟ ಕ್ಲಬ್ಬು ಹಾಗೂ ರಾಷ್ಟ್ರೀಯ ತಂಡ ಇವು ಮೂರೂ ಒಬ್ಬನೇ ಆಟಗಾರನನ್ನು ಬಯಸಿದಾಗ ಏನಾಗುತ್ತದೆ ಎಂಬ ಪ್ರಶ್ನೆಗೆ ಅಹಮದ್ ಖಾನರ ಜೀವನ ಒಂದು ನಿದರ್ಶನ. ಭಾರತದ ಫುಟ್‌ಬಾಲ್ ಈ ಪ್ರಶ್ನೆಯನ್ನು ಅಂದಿನಿಂದ ಇಂದಿನವರೆಗೂ ಎದುರಿಸುತ್ತಲೇ ಬಂದಿದೆ.

ಹಿನ್ನೆಲೆ: ದಂಡು ಪ್ರದೇಶದ ಫುಟ್‌ಬಾಲ್

ಬ್ರಿಟಿಷರು 1809ರಲ್ಲಿ ಬೆಂಗಳೂರಿನ ಹಳೆಯ ಪೇಟೆಯ ಈಶಾನ್ಯಕ್ಕೆ ದಂಡು ಪ್ರದೇಶವನ್ನು ಸ್ಥಾಪಿಸಿದರು. 1881ರಲ್ಲಿ ಮೈಸೂರು ರಾಜ್ಯವನ್ನು ಒಡೆಯರಿಗೆ ಹಿಂದಿರುಗಿಸಿದಾಗಲೂ ಈ ಭಾಗವನ್ನು ‘ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್’ ಎಂಬ ಹೆಸರಿನಲ್ಲಿ ತಮ್ಮ ಆಡಳಿತದಲ್ಲೇ ಉಳಿಸಿಕೊಂಡರು. 1947ರಲ್ಲಿ ಅದು ಮತ್ತೆ ಮೈಸೂರಿಗೆ ಸೇರಿತು. ಬ್ಲ್ಯಾಕ್‌ಪಲ್ಲಿ ಎಂದು ಕರೆಯಲಾಗುತ್ತಿದ್ದ ಇಂದಿನ ಶಿವಾಜಿನಗರ ಮತ್ತು ಮದ್ರಾಸ್ ಸ್ಯಾಪರ್ಸ್ ಪಡೆಯ ನೆಲೆಯಾದ ಹಲಸೂರು ಕೆರೆಯ ಆಸುಪಾಸು ಈ ಪ್ರದೇಶದ ಜನನಿಬಿಡ ಭಾಗಗಳಾಗಿದ್ದವು. ಉರ್ದು, ತಮಿಳು, ತೆಲುಗು, ಕನ್ನಡ ಮತ್ತು ಇಂಗ್ಲಿಷ್ ಮಾತನಾಡುವ ಕುಟುಂಬಗಳು ಇಲ್ಲಿ ಅಕ್ಕಪಕ್ಕದಲ್ಲೇ ಬಾಳುತ್ತಿದ್ದವು.

ಸೈನಿಕರು ತಮ್ಮ ಕವಾಯತು ಮೈದಾನಗಳಲ್ಲಿ ಆಡುತ್ತಿದ್ದ ಫುಟ್‌ಬಾಲ್ ಕ್ರಮೇಣ ಸುತ್ತಲಿನ ಬಡಾವಣೆಗಳ ಹುಡುಗರ ಆಟವಾಯಿತು. ಅದಕ್ಕೆ ಬೇಕಾದದ್ದು ಒಂದು ಚೆಂಡು ಮತ್ತು ಒಂದಿಷ್ಟು ಬಯಲು ಮಾತ್ರ. ಬೂಟು ಕೊಳ್ಳುವ ಶಕ್ತಿ ಹೆಚ್ಚಿನವರಿಗೆ ಇರಲಿಲ್ಲವಾದುದರಿಂದ ಅವರು ಬರಿಗಾಲಿನಲ್ಲಿ ಆಡಿ, ಬರಿಗಾಲಿಗೆ ಒಗ್ಗುವ ಚುರುಕು ಆಟವೊಂದನ್ನು ರೂಢಿಸಿಕೊಂಡರು. ಬೀದಿಗಳ ಆಟದಿಂದಲೇ ಸಣ್ಣ ಕ್ಲಬ್ಬುಗಳು ಹುಟ್ಟಿದವು. ಅವುಗಳಲ್ಲಿ ರಾಷ್ಟ್ರಮಟ್ಟದ ಕೀರ್ತಿ ಪಡೆದದ್ದು ಬೆಂಗಳೂರು ಮುಸ್ಲಿಮ್ಸ್.

1891ರಲ್ಲಿ ಮುಂಬಯಿಯಲ್ಲಿ ಆರಂಭವಾದ ರೋವರ್ಸ್ ಕಪ್ ಪಂದ್ಯಾವಳಿಯನ್ನು ಹಲವು ದಶಕಗಳ ಕಾಲ ಬ್ರಿಟಿಷ್ ಸೇನಾ ತುಕಡಿಗಳೇ ಗೆಲ್ಲುತ್ತಿದ್ದವು. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ಈ ಕಪ್ ಗೆದ್ದ ಮೊದಲ ಭಾರತೀಯ ತಂಡವೆನಿಸಿತು. ಫೈನಲ್‌ನಲ್ಲಿ ಅದು 1–0 ಗೋಲಿನಿಂದ ಸೋಲಿಸಿದ್ದು 1934ರಿಂದ ಕಲ್ಕತ್ತಾ ಲೀಗನ್ನು ಸತತವಾಗಿ ಗೆಲ್ಲುತ್ತಿದ್ದ ಮೊಹಮ್ಮಡನ್ ಸ್ಪೋರ್ಟಿಂಗ್ ತಂಡವನ್ನು. ಮರುವರ್ಷವೂ ಕಪ್ ಬೆಂಗಳೂರಿಗೇ ಬಂದಿತು.

ಆ ಕಲ್ಕತ್ತಾ ತಂಡದ ಯಶಸ್ಸಿನ ಹಿಂದೆ ದೇಶದ ಬೇರೆ ಬೇರೆ ಊರುಗಳಿಂದ ಕರೆತಂದ ಆಟಗಾರರಿದ್ದರು. ಬೆಂಗಳೂರಿನಿಂದಲೂ ಆಟಗಾರರು ಅಲ್ಲಿಗೆ ಹೋಗಿದ್ದರು. ದಂಡು ಪ್ರದೇಶದ ಕ್ಲಬ್ಬುಗಳು ಆಟಗಾರರನ್ನು ತಯಾರಿಸುವುದು, ಕಲ್ಕತ್ತಾದ ದೊಡ್ಡ ಕ್ಲಬ್ಬುಗಳು ಅವರನ್ನು ಕರೆದೊಯ್ಯುವುದು ಎಂಬ ಕ್ರಮ ಅಹಮದ್ ಖಾನರು ಮೈದಾನಕ್ಕೆ ಇಳಿಯುವ ಮೊದಲೇ ರೂಢಿಗೆ ಬಂದಿತ್ತು.

ಆರಂಭದ ದಿನಗಳು

ಅಹಮದ್ ಖಾನ್ ಫುಟ್‌ಬಾಲನ್ನೇ ಉಸಿರಾಡುತ್ತಿದ್ದ ಕುಟುಂಬದಲ್ಲಿ ಹುಟ್ಟಿದರು. ಅವರ ಸಹೋದರರೂ ಆಟಗಾರರಾಗಿದ್ದರು. ಬೆಂಗಳೂರಿನ ತಂಡ ಮೊದಲ ಸಲ ರೋವರ್ಸ್ ಕಪ್ ಗೆದ್ದಾಗ ಅಹಮದರು ಹತ್ತರ ಹರೆಯದ ಬಾಲಕ. ಗೆದ್ದು ಬಂದ ತಂಡವನ್ನು ಕಂಡು ಬೆಳೆದ ಹುಡುಗರಿಗೆ ಆ ತಂಡದ ಅಂಗಿ ತೊಡುವುದೇ ಜೀವನದ ಗುರಿಯಾಗಿದ್ದ ಕಾಲ ಅದು. ಅಹಮದರು ಆ ಗುರಿಯನ್ನು ಚಿಕ್ಕ ವಯಸ್ಸಿನಲ್ಲೇ ತಲುಪಿದರು.

ಇನ್‌ಸೈಡ್ ಲೆಫ್ಟ್, ಅಂದರೆ ಮುನ್ನಡೆ ಸಾಲಿನಲ್ಲಿ ಎಡಬದಿಯ ಒಳಗಿನ ಸ್ಥಾನ, ಅವರ ನೆಚ್ಚಿನ ಜಾಗವಾಗಿತ್ತು. ಈ ಸ್ಥಾನದಲ್ಲಿ ಆಡುವವನು ಗೋಲು ಹೊಡೆದರೆ ಸಾಲದು. ಹಿಂದಿನಿಂದ ಬಂದ ಚೆಂಡನ್ನು ಪಡೆದು, ಎದುರಾಳಿಗಳನ್ನು ತನ್ನತ್ತ ಸೆಳೆದು, ತೆರವಾದ ಜಾಗದಲ್ಲಿ ನಿಂತ ಜೊತೆಗಾರನಿಗೆ ಅದನ್ನು ಒಪ್ಪಿಸಬೇಕು. ಅಹಮದರು ಈ ಕೆಲಸದಲ್ಲಿ ನಿಸ್ಸೀಮರಾದರು.

ಈ ಅವಧಿಯಲ್ಲಿ ಮೈಸೂರು ಪ್ರಾಂತ್ಯದ ಫುಟ್‌ಬಾಲ್ ಉನ್ನತಿಯಲ್ಲಿತ್ತು. ಪ್ರಾಂತ್ಯಗಳ ನಡುವಿನ ರಾಷ್ಟ್ರೀಯ ಪಂದ್ಯಾವಳಿಯಾದ ಸಂತೋಷ್ ಟ್ರೋಫಿ 1941ರಲ್ಲಿ ಆರಂಭವಾಯಿತು. 1946–47ರಲ್ಲಿ ಬೆಂಗಳೂರಿನಲ್ಲೇ ನಡೆದ ಫೈನಲ್‌ನಲ್ಲಿ ಮೈಸೂರು ತಂಡ ಬಂಗಾಳವನ್ನು ಸೋಲಿಸಿ ಮೊದಲ ಬಾರಿಗೆ ಈ ಪ್ರಶಸ್ತಿಯನ್ನು ಪಡೆಯಿತು. ರಾಷ್ಟ್ರೀಯ ತಂಡವನ್ನು ಆರಿಸುವವರು ಬಂಗಾಳದ ಆಚೆಗೂ ನೋಡಲೇಬೇಕೆಂಬುದನ್ನು ಈ ಗೆಲುವು ಸ್ಪಷ್ಟಪಡಿಸಿತು.

1948ರ ಲಂಡನ್ ಒಲಿಂಪಿಕ್ಸ್

ಸ್ವಾತಂತ್ರ್ಯ ಬಂದು ಒಂದು ವರ್ಷ ತುಂಬುವ ಮೊದಲೇ ಭಾರತ ತನ್ನ ಫುಟ್‌ಬಾಲ್ ತಂಡವನ್ನು ಲಂಡನ್ ಒಲಿಂಪಿಕ್ಸ್‌ಗೆ ಕಳುಹಿಸಿತು. ನಾಗಾ ಬೆಟ್ಟಗಳಿಂದ ಬಂದ ತಾಲಿಮೆರೆನ್ ಆವೋ ತಂಡದ ನಾಯಕರು, ಬಲಾಯಿದಾಸ್ ಚಟರ್ಜಿ ತರಬೇತುದಾರರು. ಅಹಮದ್ ಖಾನರ ಜೊತೆಗೆ ಸಾರಂಗಪಾಣಿ ರಾಮನ್, ಗೋಲ್‌ಕೀಪರ್ ಕೆ. ವಿ. ವರದರಾಜ್, ಎಸ್. ಎ. ಬಶೀರ್ ಮುಂತಾದ ಮೈಸೂರು ಪ್ರಾಂತ್ಯದ ಆಟಗಾರರು ತಂಡದಲ್ಲಿದ್ದರು. ಕೆಲವೇ ಚದರ ಮೈಲಿಗಳಲ್ಲಿ ಹರಡಿದ್ದ ಬೆಂಗಳೂರಿನ ಮೈದಾನಗಳು ರಾಷ್ಟ್ರೀಯ ತಂಡಕ್ಕೆ ಇಷ್ಟು ಮಂದಿಯನ್ನು ಕೊಟ್ಟದ್ದು ಸಣ್ಣ ಸಂಗತಿಯಲ್ಲ.

ಮೊದಲ ಎದುರಾಳಿಯಾಗಬೇಕಿದ್ದ ಬರ್ಮಾ ಹಿಂದೆ ಸರಿದುದರಿಂದ ಭಾರತ ನೇರವಾಗಿ ಫ್ರಾನ್ಸನ್ನು ಎದುರಿಸಿತು. 1948ರ ಜುಲೈ 31ರಂದು ಇಲ್‌ಫರ್ಡ್‌ನ ಕ್ರಿಕಲ್‌ಫೀಲ್ಡ್ ಮೈದಾನದಲ್ಲಿ ಪಂದ್ಯ ನಡೆಯಿತು. ಭಾರತದ ಹೆಚ್ಚಿನ ಆಟಗಾರರು ಬರಿಗಾಲಿನಲ್ಲಿ ಆಡಿದರು. ಫ್ರಾನ್ಸ್ ಮೊದಲು ಗೋಲು ಗಳಿಸಿತು. 70ನೆಯ ನಿಮಿಷದಲ್ಲಿ ರಾಮನ್ ಹೊಡೆದ ಗೋಲಿನಿಂದ ಭಾರತ ಸಮಬಲ ಸಾಧಿಸಿತು. ಸ್ವತಂತ್ರ ಭಾರತದ ಮೊದಲ ಅಂತರರಾಷ್ಟ್ರೀಯ ಗೋಲು ಹೀಗೆ ಬೆಂಗಳೂರಿನ ಆಟಗಾರರೊಬ್ಬರ ಕಾಲಿನಿಂದ ಬಂದಿತು. ಎರಡು ಪೆನಾಲ್ಟಿಗಳನ್ನು ಕಳೆದುಕೊಂಡ ಭಾರತ ಕೊನೆಯ ಗಳಿಗೆಯಲ್ಲಿ ಇನ್ನೊಂದು ಗೋಲು ಬಿಟ್ಟುಕೊಟ್ಟು 1–2ರಿಂದ ಸೋತಿತು. ಸೋತರೂ ಬರಿಗಾಲಿನ ಈ ತಂಡದ ಚಳಕ ಅಲ್ಲಿನ ಪ್ರೇಕ್ಷಕರ ಮೆಚ್ಚುಗೆ ಪಡೆಯಿತು. ಪ್ರವಾಸದ ಮುಂದಿನ ಹಂತದಲ್ಲಿ ನೆದರ್ಲೆಂಡ್ಸ್‌ನಲ್ಲಿ ಭಾರತ ತಂಡ ಪ್ರಸಿದ್ಧ ಅಯಾಕ್ಸ್ ಕ್ಲಬ್ಬನ್ನು ಮಣಿಸಿತು.

ಒಲಿಂಪಿಕ್ಸ್‌ನಲ್ಲಿ ಸೋತವರು ಅಲ್ಲಿಗೇ ಹೊರಬೀಳುವ ಪದ್ಧತಿ ಇದ್ದುದರಿಂದ ಈ ದೀರ್ಘ ಪ್ರವಾಸದಲ್ಲಿ ಭಾರತಕ್ಕೆ ದೊರೆತ ಒಲಿಂಪಿಕ್ ಪಂದ್ಯ ಒಂದೇ ಒಂದು. ಆ ಒಂದು ಪಂದ್ಯಕ್ಕಾಗಿ ಆಟಗಾರರು ಮಳೆಗಾಲದ ಉದ್ದಕ್ಕೂ ತಮ್ಮ ಕ್ಲಬ್ಬುಗಳಿಂದ ದೂರವಿದ್ದರು. ಅದೇ ವರ್ಷ, ಒಲಿಂಪಿಕ್ಸ್ ಮುಗಿದ ಮೇಲೆ, ಬೆಂಗಳೂರು ಮುಸ್ಲಿಮ್ಸ್ ಮೋಹನ್ ಬಗಾನ್ ತಂಡವನ್ನು 1–0ರಿಂದ ಸೋಲಿಸಿ ಮೂರನೆಯ ಬಾರಿಗೆ ರೋವರ್ಸ್ ಕಪ್ ಗೆದ್ದಿತು. ಆ ತಂಡದ ಕೊನೆಯ ರೋವರ್ಸ್ ಕಪ್ ಗೆಲುವೂ ಅದೇ ಆಯಿತು.

ಈಸ್ಟ್ ಬೆಂಗಾಲ್ ಮತ್ತು ‘ಪಂಚ ಪಾಂಡವರು’

ಲಂಡನ್ನಿನಲ್ಲಿ ಆಡಿ ಬಂದ ಆಟಗಾರರ ಮೇಲೆ ಕಲ್ಕತ್ತಾದ ಕ್ಲಬ್ಬುಗಳ ಕಣ್ಣು ಬಿದ್ದದ್ದು ಸಹಜ. ಈಸ್ಟ್ ಬೆಂಗಾಲ್ ಕ್ಲಬ್ಬಿನ ಆಡಳಿತವನ್ನು ನೋಡಿಕೊಳ್ಳುತ್ತಿದ್ದ ಜ್ಯೋತಿಷಚಂದ್ರ ಗುಹಾ ಪ್ರತಿಭೆಯನ್ನು ಗುರುತಿಸುವುದರಲ್ಲಿ ನಿಪುಣರು. ಅವರು ದಕ್ಷಿಣ ಭಾರತದ ಮೈದಾನಗಳಿಂದ ಒಬ್ಬೊಬ್ಬರನ್ನೇ ಕರೆತಂದು ಒಂದು ಅಪೂರ್ವ ಮುನ್ನಡೆ ಸಾಲನ್ನು ಕಟ್ಟಿದರು. ಪಿ. ವೆಂಕಟೇಶ್, ಅಪ್ಪಾರಾವ್, ಕೆ. ಪಿ. ಧನರಾಜ್, ಅಹಮದ್ ಖಾನ್ ಮತ್ತು ಸಾಲೆ, ಈ ಐವರನ್ನು ಜನ ‘ಪಂಚ ಪಾಂಡವರು’ ಎಂದು ಕರೆದರು.

ಅಹಮದ್ ಖಾನರು ಸೇರಿದ 1949ರಲ್ಲಿಯೇ ಈಸ್ಟ್ ಬೆಂಗಾಲ್ ಕಲ್ಕತ್ತಾ ಲೀಗ್, ಐಎಫ್‌ಎ ಶೀಲ್ಡ್ ಮತ್ತು ರೋವರ್ಸ್ ಕಪ್ ಮೂರನ್ನೂ ಗೆದ್ದುಕೊಂಡಿತು. ಹಿಂದಿನ ವರ್ಷ ಬೆಂಗಳೂರಿಗೆ ಬಂದಿದ್ದ ರೋವರ್ಸ್ ಕಪ್ ಈಗ ಬೆಂಗಳೂರಿನ ಆಟಗಾರ ಆಡುತ್ತಿದ್ದ ಕಲ್ಕತ್ತಾ ತಂಡದ ಪಾಲಾಯಿತು. 1949, 1950 ಮತ್ತು 1951ರಲ್ಲಿ ಐಎಫ್‌ಎ ಶೀಲ್ಡ್ ಸತತವಾಗಿ ಮೂರು ಸಲ ಈ ಕ್ಲಬ್ಬಿಗೆ ದಕ್ಕಿತು. 1950 ಮತ್ತು 1952ರ ಲೀಗ್, 1951 ಮತ್ತು 1952ರ ಡ್ಯುರಾಂಡ್ ಕಪ್ ಸಹ ಅದರದಾದವು. 1953ರಲ್ಲಿ ಕ್ಲಬ್ಬು ರುಮೇನಿಯಾ ಮತ್ತು ಸೋವಿಯತ್ ಒಕ್ಕೂಟಕ್ಕೆ ಪ್ರವಾಸ ಹೋಗಿ, ಮಾಸ್ಕೋದ ಟಾರ್ಪಿಡೊ ತಂಡದೊಡನೆ 3–3ರ ಸಮಬಲ ಸಾಧಿಸಿತು.

ಆ ಕಾಲದ ಭಾರತೀಯ ಫುಟ್‌ಬಾಲ್ ನಿಯಮದ ಪ್ರಕಾರ ಹವ್ಯಾಸಿ ಆಟವಾಗಿತ್ತು. ಆಟವೇ ವೃತ್ತಿಯೆಂದು ಬಹಿರಂಗವಾಗಿ ಹೇಳಿಕೊಳ್ಳುವಂತಿರಲಿಲ್ಲ. ಆದರೂ ದೊಡ್ಡ ಕ್ಲಬ್ಬುಗಳು ಆಟಗಾರರಿಗೆ ವಸತಿ, ಊಟ, ಉದ್ಯೋಗದಂಥ ಅನುಕೂಲಗಳನ್ನು ಒದಗಿಸಬಲ್ಲವಾಗಿದ್ದವು. ಕಲ್ಕತ್ತಾ ಮೈದಾನದ ಸುತ್ತ ನೆರೆಯುತ್ತಿದ್ದ ಜನಸ್ತೋಮ, ಮರುದಿನದ ಪತ್ರಿಕೆಗಳಲ್ಲಿ ಬರುತ್ತಿದ್ದ ಹೆಸರು, ರಾಷ್ಟ್ರೀಯ ತಂಡದ ಆಯ್ಕೆಗಾರರ ಗಮನ ಇವೆಲ್ಲ ಅಲ್ಲಿಯೇ ಇದ್ದವು. ದಂಡು ಪ್ರದೇಶದ ಒಂದು ಕ್ಲಬ್ಬು ಅಭಿಮಾನವನ್ನು ಕೊಡಬಲ್ಲದಾಗಿತ್ತು, ಆದರೆ ಜೀವನೋಪಾಯವನ್ನಲ್ಲ. ಅಹಮದ್ ಖಾನರ ನಿರ್ಗಮನವನ್ನು ಈ ಹಿನ್ನೆಲೆಯಲ್ಲಿ ನೋಡಬೇಕಾಗುತ್ತದೆ.

ಕ್ಲಬ್ಬು ಮತ್ತು ದೇಶ

ಕಲ್ಕತ್ತಾ ಲೀಗ್ ಮಳೆಗಾಲದ ಪಂದ್ಯಾವಳಿ. ಮೇ ತಿಂಗಳಲ್ಲಿ ಆರಂಭವಾಗಿ, ಕೆಸರು ತುಂಬಿದ ಮೈದಾನಗಳಲ್ಲಿ ಮಳೆಯ ನಡುವೆಯೇ ಸಾಗುತ್ತಿತ್ತು. ಯುರೋಪಿನಲ್ಲಿ ನಡೆಯುವ ಒಲಿಂಪಿಕ್ಸ್ ಬೇಸಿಗೆಯ ಕೂಟ, ಅಂದರೆ ಜುಲೈ–ಆಗಸ್ಟ್ ತಿಂಗಳುಗಳದು. ಹೀಗಾಗಿ ದೇಶಕ್ಕೆ ಉತ್ತಮ ಆಟಗಾರರು ಬೇಕಾದ ಹೊತ್ತಿಗೇ ಕ್ಲಬ್ಬುಗಳಿಗೂ ಅವರು ಬೇಕಾಗಿದ್ದರು. ಕ್ಲಬ್ಬು ಆಟಗಾರನನ್ನು ಇಂತಿಷ್ಟು ದಿನ ಬಿಟ್ಟುಕೊಡಲೇಬೇಕೆಂಬ ಇಂದಿನಂಥ ಅಂತರರಾಷ್ಟ್ರೀಯ ನಿಯಮ ಅಂದು ಇರಲಿಲ್ಲ. ರಾಷ್ಟ್ರೀಯ ತಂಡ ಒಟ್ಟಿಗೆ ಅಭ್ಯಾಸ ಮಾಡುತ್ತಿದ್ದುದು ಕೂಟಕ್ಕೆ ಮುಂಚಿನ ಅಲ್ಪ ಅವಧಿಯಲ್ಲಿ ಮಾತ್ರ.

1950ರಲ್ಲಿ ಬ್ರೆಜಿಲ್‌ನಲ್ಲಿ ನಡೆದ ವಿಶ್ವಕಪ್‌ಗೆ ಭಾರತ ಅರ್ಹತೆ ಪಡೆದೂ ಹೋಗಲಿಲ್ಲ. ಬರಿಗಾಲಿನ ಆಟಕ್ಕೆ ನಿಷೇಧವಿದ್ದುದೇ ಕಾರಣವೆಂಬ ಕಥೆ ಜನಪ್ರಿಯವಾಗಿದೆ. ಆದರೆ ಅಭ್ಯಾಸಕ್ಕೆ ಕಾಲ ಸಾಲದಿರುವುದು ಮತ್ತು ತಂಡದ ಆಯ್ಕೆಯ ಬಗೆಗಿನ ಭಿನ್ನಾಭಿಪ್ರಾಯ ಫೆಡರೇಷನ್ ನೀಡಿದ ಕಾರಣಗಳಲ್ಲಿ ಸೇರಿದ್ದವು. ವಿಶ್ವಕಪ್‌ಗಿಂತ ಒಲಿಂಪಿಕ್ಸನ್ನೇ ಹಿರಿದೆಂದು ಭಾವಿಸುವ ಮನೋಭಾವವೂ ಅಂದು ಪ್ರಬಲವಾಗಿತ್ತು. ಆ ವಿಶ್ವಕಪ್ ಜೂನ್–ಜುಲೈ ತಿಂಗಳುಗಳಲ್ಲಿ, ಕಲ್ಕತ್ತಾ ಲೀಗಿನ ನಡುಗಾಲದಲ್ಲಿಯೇ ನಡೆಯಿತು. ಅಹಮದ್ ಖಾನರ ತಲೆಮಾರಿಗೆ ವಿಶ್ವಕಪ್ ಆಡುವ ಅವಕಾಶ ಮತ್ತೆ ಬರಲಿಲ್ಲ.

1951ರ ಮಾರ್ಚ್‌ನಲ್ಲಿ ನವದೆಹಲಿಯಲ್ಲಿ ಮೊದಲ ಏಷ್ಯನ್ ಕ್ರೀಡಾಕೂಟ ನಡೆಯಿತು. ಅದು ಕಲ್ಕತ್ತಾ ಲೀಗ್ ಆರಂಭವಾಗುವ ಮೊದಲಿನ ಕಾಲ. ಹೈದರಾಬಾದಿನ ಸೈಯದ್ ಅಬ್ದುಲ್ ರಹೀಮ್ ತರಬೇತುದಾರರು, ಶೈಲೇನ್ ಮನ್ನಾ ನಾಯಕರು. ಅಹಮದ್ ಖಾನ್, ವೆಂಕಟೇಶ್ ಮತ್ತು ಸಾಲೆ ಈಸ್ಟ್ ಬೆಂಗಾಲ್‌ನಲ್ಲಿ ಬೆಳೆಸಿಕೊಂಡಿದ್ದ ಹೊಂದಾಣಿಕೆ ರಾಷ್ಟ್ರೀಯ ತಂಡಕ್ಕೂ ಒದಗಿಬಂದಿತು. ವರದರಾಜ್, ಟಿ. ಷಣ್ಮುಗಂ ಮೊದಲಾದ ದಕ್ಷಿಣದವರೂ ತಂಡದಲ್ಲಿದ್ದರು. ಭಾರತ ಇಂಡೋನೇಷ್ಯಾ ಮತ್ತು ಅಫ್ಘಾನಿಸ್ತಾನ ತಂಡಗಳನ್ನು ತಲಾ 3–0ರಿಂದ ಸೋಲಿಸಿತು. ಫೈನಲ್‌ನಲ್ಲಿ ಸಾಹು ಮೇವಾಲಾಲ್ ಹೊಡೆದ ಏಕೈಕ ಗೋಲಿನಿಂದ ಇರಾನನ್ನು ಮಣಿಸಿ ಚಿನ್ನದ ಪದಕ ಗೆದ್ದಿತು. ಕ್ಲಬ್ಬೊಂದು ಹಲವು ವರ್ಷಗಳ ಕಾಲ ಒಟ್ಟಾಗಿ ಆಡಿಸಿದ ಆಟಗಾರರು ರಾಷ್ಟ್ರೀಯ ತಂಡಕ್ಕೆ ಎಷ್ಟು ದೊಡ್ಡ ಆಸ್ತಿ ಎಂಬುದಕ್ಕೆ ಈ ಗೆಲುವು ಸಾಕ್ಷಿ.

ಮರುವರ್ಷದ ಹೆಲ್ಸಿಂಕಿ ಒಲಿಂಪಿಕ್ಸ್ ಇದಕ್ಕೆ ತೀರ ವಿರುದ್ಧವಾದ ಅನುಭವ ನೀಡಿತು. 1952ರ ಜುಲೈ 15ರಂದು ಭಾರತ ಎದುರಿಸಿದ ಯುಗೋಸ್ಲಾವಿಯಾ ಅಂದಿನ ಜಗತ್ತಿನ ಬಲಾಢ್ಯ ತಂಡಗಳಲ್ಲಿ ಒಂದು. 1948ರಲ್ಲಿ ಬೆಳ್ಳಿ ಗೆದ್ದಿದ್ದ ಆ ತಂಡ ಈ ಕೂಟದಲ್ಲಿಯೂ ಬೆಳ್ಳಿ ಗೆದ್ದಿತು. ಉತ್ತರ ಯುರೋಪಿನ ಚಳಿಯಲ್ಲಿ ಬರಿಗಾಲಿನವರೇ ಹೆಚ್ಚಾಗಿದ್ದ ಭಾರತ ತಂಡ 1–10ರ ಭಾರಿ ಅಂತರದಿಂದ ಸೋತಿತು. ಭಾರತದ ಏಕೈಕ ಗೋಲನ್ನು ಪಂದ್ಯ ಮುಗಿಯಲು ಒಂದೇ ನಿಮಿಷ ಉಳಿದಿರುವಾಗ ಗಳಿಸಿದವರು ಅಹಮದ್ ಖಾನ್. ಒಂಬತ್ತು ಗೋಲುಗಳ ಕಂದಕವನ್ನು ಆ ಗೋಲು ಮುಚ್ಚಲಾರದಾಗಿತ್ತು. ಆದರೂ ಸೋಲು ಖಚಿತವಾದ ಮೇಲೂ ಅವರು ಆಟವನ್ನು ಬಿಟ್ಟುಕೊಟ್ಟಿರಲಿಲ್ಲವೆಂಬುದನ್ನು ಅದು ತೋರಿಸುತ್ತದೆ. ಎರಡು ಒಲಿಂಪಿಕ್ಸ್‌ಗಳಲ್ಲಿ ಅವರ ತಂಡಕ್ಕೆ ದೊರೆತದ್ದು ಒಟ್ಟು ಎರಡೇ ಪಂದ್ಯ.

ಈ ಸೋಲಿನ ನಂತರ ಬೂಟು ಧರಿಸುವುದನ್ನು ಫೆಡರೇಷನ್ ಕಡ್ಡಾಯಗೊಳಿಸಿತು. ಆದರೆ ಬೂಟು ಮಾತ್ರವೇ ಕೊರತೆಯಾಗಿರಲಿಲ್ಲ. ಆ ಕಾಲದ ಒಲಿಂಪಿಕ್ ಪಂದ್ಯಗಳಲ್ಲಿ ಬದಲಿ ಆಟಗಾರರನ್ನು ಇಳಿಸುವ ಅವಕಾಶವಿರಲಿಲ್ಲ. ಕಣಕ್ಕಿಳಿದ ಹನ್ನೊಂದು ಮಂದಿಯೇ ಕೊನೆಯವರೆಗೆ ಹೋರಾಡಬೇಕಿತ್ತು. ಆದುದರಿಂದ ಅವರನ್ನು ಆರಿಸುವ ಮೊದಲು ಸಮಬಲದ ಇಪ್ಪತ್ತು ಮೂವತ್ತು ಆಟಗಾರರನ್ನು ತಿಂಗಳುಗಟ್ಟಲೆ ಒಟ್ಟಿಗೆ ಪಳಗಿಸುವುದು ಅಗತ್ಯವಾಗಿತ್ತು. ಹಾಗೆ ಮಾಡಬೇಕಾದರೆ ಕ್ಲಬ್ಬುಗಳು ತಮ್ಮ ತಂಡಗಳು ಒಡೆಯುವುದನ್ನು ಸಹಿಸಿಕೊಳ್ಳಬೇಕಿತ್ತು. ನಾಲ್ಕು ವರ್ಷಗಳ ನಂತರದ ಮೆಲ್ಬರ್ನ್ ಒಲಿಂಪಿಕ್ಸ್ ದಕ್ಷಿಣಾರ್ಧಗೋಳದಲ್ಲಿ, ನವೆಂಬರ್–ಡಿಸೆಂಬರ್‌ನಲ್ಲಿ, ಅಂದರೆ ಕಲ್ಕತ್ತಾ ಲೀಗಿನ ಕಾಲ ಕಳೆದ ಮೇಲೆ ನಡೆಯಿತು. ರಹೀಮರ ತರಬೇತಿಯಲ್ಲಿ ಭಾರತ ಅಲ್ಲಿ ಆಸ್ಟ್ರೇಲಿಯಾವನ್ನು 4–2ರಿಂದ ಸೋಲಿಸಿ ನಾಲ್ಕನೆಯ ಸ್ಥಾನ ಪಡೆಯಿತು. ಆ ಹೊತ್ತಿಗೆ ಅಹಮದ್ ಖಾನರ ಅಂತರರಾಷ್ಟ್ರೀಯ ಆಟದ ಕಾಲ ಮುಗಿದಿತ್ತು.

ಹೆಲ್ಸಿಂಕಿ ಪಂದ್ಯ ನಡೆದ 1952ರಲ್ಲಿ ಈಸ್ಟ್ ಬೆಂಗಾಲ್ ಕಲ್ಕತ್ತಾ ಲೀಗನ್ನು ಗೆದ್ದಿತು ಎಂಬುದು ಗಮನಾರ್ಹ. ಋತುವಿನ ನಡುವೆ ತನ್ನ ಶ್ರೇಷ್ಠ ಆಟಗಾರ ದೂರದ ದೇಶದಲ್ಲಿದ್ದರೂ ತಾಳಿಕೊಳ್ಳುವಷ್ಟು ಮಂದಿ ಆ ಕ್ಲಬ್ಬಿನಲ್ಲಿದ್ದರು. ರಾಷ್ಟ್ರೀಯ ತಂಡಕ್ಕೆ ಆಟಗಾರರನ್ನು ಕಳುಹಿಸುವುದರಿಂದ ದೊಡ್ಡ ಕ್ಲಬ್ಬಿಗೆ ಆಗುವುದು ತಾತ್ಕಾಲಿಕ ತೊಂದರೆ. ಸಣ್ಣ ಕ್ಲಬ್ಬಿನ ಸ್ಥಿತಿ ಹಾಗಲ್ಲ.

ಬೆಂಗಳೂರಿಗಾದ ನಷ್ಟ

ಬೆಂಗಳೂರಿನ ಕ್ಲಬ್ಬಿನಿಂದ ಒಬ್ಬ ಆಟಗಾರ ರಾಷ್ಟ್ರೀಯ ತಂಡಕ್ಕೆ ಹೋದರೆ ಮರಳಿ ಬರುವ ನಿರೀಕ್ಷೆ ಇತ್ತು. ಆದರೆ ರಾಷ್ಟ್ರೀಯ ತಂಡದಲ್ಲಿ ಮಿಂಚಿದವನನ್ನು ಕಲ್ಕತ್ತಾ ಕರೆದರೆ ಆತ ವರ್ಷಗಟ್ಟಲೆ ಹಿಂದಿರುಗುತ್ತಿರಲಿಲ್ಲ. ಹೀಗೆ ದೇಶದ ಅಂಗಿ ದಂಡು ಪ್ರದೇಶದ ಆಟಗಾರನಿಗೆ ಹೊರದಾರಿಯೂ ಆಗುತ್ತಿತ್ತು. ಸಂತೋಷ್ ಟ್ರೋಫಿಯ ವಿಷಯದಲ್ಲಿಯೂ ನಷ್ಟ ದುಪ್ಪಟ್ಟಾಗುತ್ತಿತ್ತು, ಏಕೆಂದರೆ ಕಲ್ಕತ್ತಾದ ಕ್ಲಬ್ಬುಗಳನ್ನು ಸೇರಿದ ದಕ್ಷಿಣದ ಆಟಗಾರರು ಬಂಗಾಳದ ಪರವಾಗಿ ಆಡಬಹುದಾಗಿತ್ತು. ತವರು ತಂಡ ತಾನು ಬೆಳೆಸಿದವರನ್ನೇ ಎದುರಾಳಿಗಳಾಗಿ ಕಾಣುವ ಸನ್ನಿವೇಶ ಅದು.

ಆದರೂ ಮೈಸೂರು ತಂಡ ಕುಗ್ಗಲಿಲ್ಲ. 1952–53ರಲ್ಲಿ ಬೆಂಗಳೂರಿನಲ್ಲಿ ನಡೆದ ಫೈನಲ್‌ನಲ್ಲಿ ಬಂಗಾಳವನ್ನು ಸೋಲಿಸಿ ಎರಡನೆಯ ಬಾರಿಗೆ ಸಂತೋಷ್ ಟ್ರೋಫಿ ಗೆದ್ದಿತು. 1953–54 ಮತ್ತು 1955–56ರಲ್ಲಿ ಫೈನಲ್ ತಲುಪಿ ಬಂಗಾಳಕ್ಕೆ ಸೋತಿತು. ಒಂದು ತಲೆಮಾರು ಹೊರಗೆ ಹೋದರೂ ಶಿವಾಜಿನಗರ, ಹಲಸೂರು, ಆಸ್ಟಿನ್ ಟೌನ್ ಮುಂತಾದ ಬಡಾವಣೆಗಳ ಬಯಲುಗಳು ಮುಂದಿನ ತಲೆಮಾರನ್ನು ತಯಾರಿಸುತ್ತಿದ್ದುದೇ ಇದಕ್ಕೆ ಕಾರಣ. ಅಹಮದ್ ಖಾನರ ದಾರಿಯಲ್ಲಿಯೇ ನಡೆದ ಬೆಂಗಳೂರಿನ ಮರಿಯಪ್ಪ ಕೆಂಪಯ್ಯ ಮೋಹನ್ ಬಗಾನ್ ಸೇರಿ, 1956 ಮತ್ತು 1960ರ ಒಲಿಂಪಿಕ್ಸ್‌ಗಳಲ್ಲಿ ಭಾರತ ತಂಡದಲ್ಲಿದ್ದರು. ಕ್ಲಬ್ಬುಗಳ ಕಥೆ ಮಾತ್ರ ಬೇರೆಯಾಯಿತು. 1937, 1938 ಮತ್ತು 1948ರಲ್ಲಿ ದೇಶವನ್ನೇ ಬೆರಗುಗೊಳಿಸಿದ ಬೆಂಗಳೂರು ಮುಸ್ಲಿಮ್ಸ್ ಮುಂದೆ ಅಂಥ ಎತ್ತರವನ್ನು ಮುಟ್ಟಲಿಲ್ಲ.

ಆಟದ ಶೈಲಿ

ಚೆಂಡಿನ ಮೇಲೆ ಅಹಮದ್ ಖಾನರಿಗಿದ್ದ ಹಿಡಿತ ಅವರಿಗೆ ‘ಹಾವಾಡಿಗ’ ಎಂಬ ಅರ್ಥದ ಅಡ್ಡಹೆಸರನ್ನು ತಂದುಕೊಟ್ಟಿತು. ಪುಂಗಿಯ ಮುಂದೆ ಹಾವು ಆಡುವಂತೆ ಚೆಂಡು ಅವರ ಪಾದದ ಮುಂದೆ ಆಡುತ್ತಿತ್ತು ಎಂಬುದು ಈ ಹೆಸರಿನ ಇಂಗಿತ. ಮೈಕಟ್ಟಿನ ಬಲಕ್ಕಿಂತ ತೋಲನ, ಓಟದ ವೇಗಕ್ಕಿಂತ ದಿಕ್ಕು ಬದಲಿಸುವ ಚಾಕಚಕ್ಯ ಅವರ ಆಟದ ಲಕ್ಷಣಗಳು. ಬರಿಗಾಲಿನ ಬೆರಳುಗಳು ಮತ್ತು ಅಂಗಾಲಿನಿಂದ ಚೆಂಡನ್ನು ತಡೆದು ತಿರುಗಿಸುವ ಕಲೆಯನ್ನು ಬೆಂಗಳೂರಿನ ಬಯಲುಗಳು ಅವರಿಗೆ ಕಲಿಸಿದ್ದವು.

ಬೂಟು ಕಡ್ಡಾಯವಾದಾಗ ಬರಿಗಾಲಿನ ಅನೇಕ ಆಟಗಾರರು ತಮ್ಮ ಆಟವನ್ನೇ ಹೊಸದಾಗಿ ಕಲಿಯಬೇಕಾಯಿತು. ಆ ಬದಲಾವಣೆಯನ್ನು ದಾಟಿ ಅಹಮದ್ ಖಾನರು 1950ರ ದಶಕದ ಕೊನೆಯವರೆಗೆ ಈಸ್ಟ್ ಬೆಂಗಾಲ್‌ನಲ್ಲಿ ಮುಂದುವರಿದರು. 1956ರ ಡ್ಯುರಾಂಡ್ ಕಪ್ ಮತ್ತು 1958ರ ಐಎಫ್‌ಎ ಶೀಲ್ಡ್ ಈ ಅವಧಿಯಲ್ಲಿ ಕ್ಲಬ್ಬು ಗೆದ್ದ ಪ್ರಮುಖ ಪ್ರಶಸ್ತಿಗಳು. ‘ಪಂಚ ಪಾಂಡವರ’ ಸಾಲು ಚದುರಿದ ಮೇಲೂ ಹೊಸ ಆಟಗಾರರ ನಡುವೆ ಹಿರಿಯರಾಗಿ ನಿಂತು ಆಡಿದ್ದು ಅವರ ಸಾಮರ್ಥ್ಯಕ್ಕೆ ಹಿಡಿದ ಕನ್ನಡಿ.

ನಂತರದ ವರ್ಷಗಳು

ಆಟದಿಂದ ನಿವೃತ್ತರಾದ ಬಳಿಕ ಅಹಮದ್ ಖಾನರು ತವರೂರಿಗೆ ಮರಳಿದರು. ಅವರು ಬಿಟ್ಟುಹೋಗಿದ್ದ ಬೆಂಗಳೂರು ಆ ವೇಳೆಗೆ ಬದಲಾಗಿತ್ತು. ನಗರದ ಪೂರ್ವಕ್ಕೆ 1940ರಲ್ಲಿ ಸ್ಥಾಪನೆಯಾದ ಹಿಂದೂಸ್ತಾನ್ ವಿಮಾನ ಕಾರ್ಖಾನೆ ಮತ್ತು 1948ರಲ್ಲಿ ಕೃಷ್ಣರಾಜಪುರದ ಬಳಿ ಆರಂಭವಾದ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ತಮ್ಮದೇ ಫುಟ್‌ಬಾಲ್ ತಂಡಗಳನ್ನು ಕಟ್ಟಿಕೊಂಡವು. ಆಟಗಾರನಿಗೆ ಇವು ಕಾಯಂ ನೌಕರಿ ಕೊಡುತ್ತಿದ್ದವು. ಹೊಟ್ಟೆಪಾಡಿಗಾಗಿ ಊರು ಬಿಡಬೇಕಾದ ಅನಿವಾರ್ಯತೆ ಇದರಿಂದ ಕಡಿಮೆಯಾಯಿತು.

ಇದರ ಫಲ ಮೈದಾನದಲ್ಲಿ ಕಾಣಿಸಿತು. ಮೈಸೂರು ತಂಡ 1967–68 ಮತ್ತು 1968–69ರಲ್ಲಿ ಸತತ ಎರಡು ಬಾರಿ ಸಂತೋಷ್ ಟ್ರೋಫಿ ಗೆದ್ದಿತು. 1977ರಲ್ಲಿ ದೇಶದ ಪ್ರಮುಖ ಕ್ಲಬ್ಬುಗಳಿಗಾಗಿ ಮೊದಲ ಬಾರಿಗೆ ಏರ್ಪಡಿಸಿದ ಫೆಡರೇಷನ್ ಕಪ್‌ನ ಫೈನಲ್‌ನಲ್ಲಿ ದೂರವಾಣಿನಗರದ ಕಾರ್ಖಾನೆ ತಂಡ ಮೋಹನ್ ಬಗಾನ್ ತಂಡವನ್ನು 1–0ರಿಂದ ಸೋಲಿಸಿತು. 1948ರ ರೋವರ್ಸ್ ಕಪ್ ಫೈನಲ್‌ನ ಎದುರಾಳಿ ಮತ್ತು ಅಂತರ ಎರಡೂ ಇಲ್ಲಿ ಮರುಕಳಿಸಿದ್ದವು. ಅಹಮದ್ ಖಾನರ ಕಾಲದಲ್ಲಿ ಬೆಂಗಳೂರಿನ ಕ್ಲಬ್ಬುಗಳಿಗೆ ಇಲ್ಲದಿದ್ದ ಆಸರೆ, ಅಂದರೆ ಊರಿನಲ್ಲೇ ಉಳಿದು ಆಡುವವನಿಗೆ ಒಂದು ನೌಕರಿ, ಈ ಗೆಲುವಿನ ಹಿಂದಿತ್ತು.

ಅಹಮದ್ ಖಾನರು 2017ರ ಆಗಸ್ಟ್ 27ರಂದು ಬೆಂಗಳೂರಿನಲ್ಲಿ ನಿಧನರಾದರು. ಆಗ ಅವರಿಗೆ 90 ವರ್ಷ ವಯಸ್ಸಾಗಿತ್ತು.

ಪರಂಪರೆ

ಬೆಂಗಳೂರಿನ ಪೂರ್ವ ಭಾಗದಲ್ಲಿ ಫುಟ್‌ಬಾಲ್ ಇಂದಿಗೂ ಬಡಾವಣೆಯ ಆಟ. ಹಲಸೂರಿನ ಬಳಿಯ ಗೌತಮಪುರದಲ್ಲಿ ಬ್ರೆಜಿಲ್‌ನ ಪೆಲೆಯ ಪ್ರತಿಮೆಯೇ ಇದೆ. ಆದರೆ ಒಲಿಂಪಿಕ್ಸ್‌ನಲ್ಲಿ ಗೋಲು ಗಳಿಸಿದ ಇದೇ ಊರಿನ ಆಟಗಾರರು ಹೊಸ ತಲೆಮಾರಿಗೆ ಅಷ್ಟಾಗಿ ಪರಿಚಿತರಲ್ಲ. 2023ರ ಮಾರ್ಚ್‌ನಲ್ಲಿ ಸೌದಿ ಅರೇಬಿಯಾದ ರಿಯಾದ್‌ನಲ್ಲಿ ನಡೆದ ಫೈನಲ್‌ನಲ್ಲಿ ಕರ್ನಾಟಕ ಮೇಘಾಲಯವನ್ನು 3–2ರಿಂದ ಸೋಲಿಸಿ ಸಂತೋಷ್ ಟ್ರೋಫಿಯನ್ನು ಮರಳಿ ಪಡೆಯಿತು. 1968–69ರ ನಂತರ ರಾಜ್ಯಕ್ಕೆ ದೊರೆತ ಮೊದಲ ಪ್ರಶಸ್ತಿ ಅದು.

ಅಹಮದ್ ಖಾನರ ಕಾಲದಲ್ಲಿ ಎದ್ದಿದ್ದ ಪ್ರಶ್ನೆ ಹೊಸ ರೂಪದಲ್ಲಿ ಮುಂದುವರಿದಿದೆ. ಈಗ ವಿಶ್ವ ಫುಟ್‌ಬಾಲ್ ಸಂಸ್ಥೆ ನಿಗದಿಪಡಿಸಿದ ದಿನಗಳಲ್ಲಿ ಕ್ಲಬ್ಬುಗಳು ಆಟಗಾರರನ್ನು ರಾಷ್ಟ್ರೀಯ ತಂಡಕ್ಕೆ ಬಿಟ್ಟುಕೊಡಲೇಬೇಕು. ಏಷ್ಯನ್ ಕ್ರೀಡಾಕೂಟ ಆ ದಿನಗಳ ವ್ಯಾಪ್ತಿಗೆ ಬರುವುದಿಲ್ಲ. 2023ರ ಸೆಪ್ಟೆಂಬರ್‌ನಲ್ಲಿ ಚೀನಾದ ಹಾಂಗ್‌ಝೌನಲ್ಲಿ ಕೂಟ ಆರಂಭವಾದಾಗ ಇಂಡಿಯನ್ ಸೂಪರ್ ಲೀಗ್‌ನ ಕ್ಲಬ್ಬುಗಳು ತಮ್ಮ ಪ್ರಮುಖ ಆಟಗಾರರನ್ನು ಕಳುಹಿಸಲು ಹಿಂಜರಿದವು. ತಂಡದ ಪಟ್ಟಿ ಮತ್ತೆ ಮತ್ತೆ ಬದಲಾಗಿ, ಕೊನೆಗೆ ಹೊರಟದ್ದು ಬಹುಮಟ್ಟಿಗೆ ಎರಡನೆಯ ಸಾಲಿನ ಆಟಗಾರರ ತಂಡ. ಬೆಂಗಳೂರು ಎಫ್‌ಸಿ ತನ್ನ ನಾಯಕ ಸುನಿಲ್ ಛೆಟ್ರಿಯವರನ್ನು ಬಿಟ್ಟುಕೊಟ್ಟಿತು. ಸೆಪ್ಟೆಂಬರ್ 21ರಂದು ಹಾಂಗ್‌ಝೌನಲ್ಲಿ ಛೆಟ್ರಿಯವರ ಪೆನಾಲ್ಟಿ ಗೋಲಿನಿಂದ ಭಾರತ ಬಾಂಗ್ಲಾದೇಶವನ್ನು 1–0ರಿಂದ ಸೋಲಿಸಿತು. ಅದೇ ದಿನ ಕೊಚ್ಚಿಯಲ್ಲಿ ಲೀಗಿನ ಮೊದಲ ಪಂದ್ಯವನ್ನು ಅವರಿಲ್ಲದೆ ಆಡಿದ ಬೆಂಗಳೂರು ಎಫ್‌ಸಿ ಕೇರಳ ಬ್ಲಾಸ್ಟರ್ಸ್‌ಗೆ 1–2ರಿಂದ ಸೋತಿತು. ಆ ಕೂಟದಲ್ಲಿ ಭಾರತ ಹದಿನಾರರ ಘಟ್ಟವನ್ನು ತಲುಪಿ ಸೌದಿ ಅರೇಬಿಯಾಕ್ಕೆ ಮಣಿಯಿತು.

ಒಬ್ಬ ಆಟಗಾರನ ಗೈರಿನಿಂದ ಕ್ಲಬ್ಬು ಅಥವಾ ದೇಶ ಕುಸಿಯುವುದಾದರೆ ಅದು ಆ ಆಟಗಾರನ ಹಿರಿಮೆಯನ್ನು ಸೂಚಿಸುವಂತೆ ಉಳಿದವರ ಕೊರತೆಯನ್ನೂ ಸೂಚಿಸುತ್ತದೆ. 1940ರ ದಶಕದ ದಂಡು ಪ್ರದೇಶದಲ್ಲಿ ಆಟಗಾರರ ಕೊರತೆ ಇರಲಿಲ್ಲ, ಅವರನ್ನು ಉಳಿಸಿಕೊಳ್ಳುವ ಆಸರೆಯ ಕೊರತೆ ಇತ್ತು. ಆ ನೆಲದಿಂದ ಎದ್ದುಬಂದು, ಊರಿನ ಕ್ಲಬ್ಬಿಗೆ ರೋವರ್ಸ್ ಕಪ್, ಕಲ್ಕತ್ತಾಕ್ಕೆ ಲೀಗ್ ಮತ್ತು ಶೀಲ್ಡ್, ದೇಶಕ್ಕೆ ಏಷ್ಯದ ಚಿನ್ನ ಗೆಲ್ಲಲು ನೆರವಾದ ಅಹಮದ್ ಖಾನರನ್ನು ಭಾರತೀಯ ಫುಟ್‌ಬಾಲ್‌ನ ಇತಿಹಾಸ ಬರಿಗಾಲಿನ ಯುಗದ ಕೊನೆಯ ಮಹಾನ್ ಕಲಾವಿದರಲ್ಲಿ ಒಬ್ಬರೆಂದು ಗುರುತಿಸುತ್ತದೆ.